ಹತ್ತಿದ ಗೇರಿನಲ್ಲೇ ಇಳಿದ ಲಾರಿ: ಒಂದು ಶಕ್ತಿಯ ಲೆಕ್ಕ

ಘಟ್ಟದ ರಸ್ತೆ ಮುಗಿದು ನೆಲ ಸಮವಾಗುವ ಜಾಗ. ಅಲ್ಲಿ ಒಂದು ಲಾರಿ ಪಕ್ಕಕ್ಕೆ ನಿಂತಿತ್ತು. ಹಿಂದಿನ ಚಕ್ರಗಳಿಂದ ತೆಳ್ಳಗೆ ಬಿಳಿ ಹೊಗೆ ಏಳುತ್ತಿತ್ತು. ನಮ್ಮ ಲಾರಿಯ ಕಿಟಕಿ ತೆರೆದೇ ಇದ್ದದ್ದರಿಂದ ಹೊಗೆ ಕಾಣುವ ಮೊದಲೇ ವಾಸನೆ ಬಂತು. ರಬ್ಬರ್ ಸುಟ್ಟ ವಾಸನೆಯಲ್ಲ ಅದು. ಅಂಟು ಕರಕಾದಾಗ ಬರುತ್ತದಲ್ಲ, ಗಂಟಲಿಗೆ ಹಿಡಿಯುವಂಥದ್ದು, ಆ ಥರ.

"ಬ್ರೇಕ್ ಕಾಯ್ಸಿದಾನೆ," ಅಂದರು ನಮ್ಮ ಡ್ರೈವರ್. ಗಾಡಿ ಪಕ್ಕಕ್ಕೆ ಹಾಕಿದರು.

ಆ ಲಾರಿಯ ಕ್ಲೀನರ್ ಹುಡುಗ ನೀರಿನ ಕ್ಯಾನ್ ಹಿಡಿದು ಚಕ್ರದ ಹತ್ತಿರ ಬಗ್ಗಿದ್ದ. ನಮ್ಮವರು ಇಳಿಯುವ ಮೊದಲೇ ಕೂಗಿದರು. "ಏಯ್, ಹಾಕಬೇಡ! ಡ್ರಮ್ ಬಿರಿಯುತ್ತೆ!" ಹುಡುಗ ಗಾಬರಿಯಾಗಿ ಕೈ ಹಿಂದಕ್ಕೆ ತೆಗೆದ. ಅಷ್ಟರಲ್ಲಿ ಒಂದಷ್ಟು ಹನಿ ರಿಮ್ಮಿನ ತೂತಿನಿಂದ ಒಳಗೆ ಹೋಗಿತ್ತು. ನಾನು ಬಗ್ಗಿ ನೋಡಿದೆ. ಹನಿಗಳು ಚುರ್ ಅಂತ ಆವಿಯಾಗಲಿಲ್ಲ. ಪಾದರಸದ ಹಾಗೆ ಗುಂಡಗಾಗಿ, ಕಬ್ಬಿಣವನ್ನು ಮುಟ್ಟದವರ ಹಾಗೆ ಜಾರಿ, ಕೆಳಗೆ ರಸ್ತೆಗೆ ಬಿದ್ದವು. ಬಿದ್ದಾಗಲೂ ಅವು ನೀರೇ.

ಇದೊಂದು ಒಳ್ಳೆಯ ಥರ್ಮಾಮೀಟರ್. ಲೋಹ 100 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಿಸಿಯಿದ್ದರೆ ಹನಿ ಚುರುಗುಟ್ಟಿ ಮಾಯವಾಗುತ್ತದೆ. ಸುಮಾರು 200 ಡಿಗ್ರಿ ದಾಟಿದರೆ ಹನಿಯ ಅಡಿಯಲ್ಲಿ ಆವಿಯ ಪದರ ಹುಟ್ಟಿಕೊಂಡು ಹನಿಯನ್ನು ಎತ್ತಿ ಹಿಡಿಯುತ್ತದೆ. ಡ್ರಮ್ ಅಂದರೆ ಚಕ್ರದ ಜೊತೆಗೇ ತಿರುಗುವ ಬ್ರೇಕಿನ ಬೋಗುಣಿ, ಲೈನರ್ ಅಂದರೆ ಅದಕ್ಕೆ ಒಳಗಿನಿಂದ ಒತ್ತುವ ಬಿಲ್ಲೆ. ಡ್ರಮ್ಮಿನ ಹೊರಮೈಯೇ ಅಷ್ಟು ಬಿಸಿಯಿದ್ದರೆ, ಲೈನರ್ ಉಜ್ಜುವ ಒಳಮೈ ಇನ್ನೆಷ್ಟಿರಬೇಡ?

ಲಾರಿಯ ಡ್ರೈವರ್ ಇಪ್ಪತ್ತೈದರ ಆಸುಪಾಸಿನ ಹುಡುಗ. ಕೈ ಇನ್ನೂ ನಡುಗುತ್ತಿತ್ತು. ಕೊನೆಯ ಎರಡು ತಿರುವಿನಲ್ಲಿ ಪೆಡಲ್ ಪೂರ್ತಿ ಒತ್ತಿದರೂ ಗಾಡಿ ಹಿಡಿಯಲಿಲ್ಲವಂತೆ. ಸಮನೆಲ ಸಿಕ್ಕಿದ್ದು ಅದೃಷ್ಟ. ಅವನಿಗೆ ಭಯಕ್ಕಿಂತ ಗೊಂದಲ ಜಾಸ್ತಿ ಇತ್ತು.

"ಅಣ್ಣ, ನಾನು ಹತ್ತಿದ ಗೇರಲ್ಲೇ ಇಳಿದೆ. ಐದನೇ ಗೇರು. ಮೊನ್ನೆ ಇದೇ ಘಟ್ಟ, ಇಷ್ಟೇ ಲೋಡು, ಐದರಲ್ಲೇ ಸಲೀಸಾಗಿ ಹತ್ತಿತ್ತು. ಹತ್ತಿದ ಗೇರಲ್ಲೇ ಇಳೀಬೇಕು ಅಂತ ತಾನೇ ಎಲ್ಲರೂ ಹೇಳೋದು?"

ಎಲ್ಲರೂ ಹಾಗೇ ಹೇಳುತ್ತಾರೆ, ನಿಜ. ಲಾರಿ ಓಡಿಸುವವರ ಹಳೆಯ ರೂಲು ಅದು. ಹುಡುಗ ರೂಲು ಮುರಿಯಲಿಲ್ಲ, ಪಾಲಿಸಿದ. ಆದರೂ ಬ್ರೇಕ್ ಸುಟ್ಟಿತು. ಯಾಕೆ ಅನ್ನುವುದೇ ಈ ಪ್ರಕರಣ. ನಾನು ಆಮೇಲೆ ಕೂತು ಲೆಕ್ಕ ಹಾಕಿದೆ.

ಬೆಟ್ಟದ ತುದಿಯಲ್ಲಿ ಎಷ್ಟಿತ್ತು

ಲೋಡ್ ಸೇರಿ ಲಾರಿಯ ತೂಕ 16 ಟನ್. ರಸ್ತೆ 10 ಕಿಲೋಮೀಟರ್, ಅಷ್ಟರಲ್ಲಿ ಇಳಿಯುವ ಎತ್ತರ 600 ಮೀಟರ್. ಅಂದರೆ ನೂರು ಮೀಟರ್ ಹೋದರೆ ಆರು ಮೀಟರ್ ಇಳಿತ. ನೋಡಲು ಭಯಂಕರ ಅನ್ನಿಸುವ ಇಳಿಜಾರೇನಲ್ಲ. ಹುಡುಗ ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಬಂದಿದ್ದಾನೆ. 15 ನಿಮಿಷದ ದಾರಿ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ಸ್ವಲ್ಪ ದುಂಡಗೆ ಮಾಡಿಕೊಂಡಿದ್ದೇನೆ.

ಎತ್ತರದಲ್ಲಿರುವ ಭಾರಕ್ಕೆ ಶಕ್ತಿ ಇರುತ್ತದೆ. ಪಾಠದ ಪುಸ್ತಕ ಇದನ್ನು ಪ್ರಚ್ಛನ್ನ ಶಕ್ತಿ ಅನ್ನುತ್ತದೆ. ನಾನು ಸುಮ್ನೆ ಎತ್ತರದ ಶಕ್ತಿ ಅನ್ನುತ್ತೇನೆ. ತೂಕ, ಎತ್ತರ, ಗುರುತ್ವದ 9.8 ಇವಿಷ್ಟನ್ನು ಗುಣಿಸಿದರೆ ಆಯಿತು. 16,000 ಕಿಲೋ, 600 ಮೀಟರ್, 9.8. ಬರುವುದು 9 ಕೋಟಿ 40 ಲಕ್ಷ ಜೂಲ್. ಅಂದರೆ 94 ಮೆಗಾಜೂಲ್.

ಈ ಅಂಕಿ ಕೈಗೆ ಸಿಗುವ ಹಾಗೆ ಹೇಳಬೇಕೆಂದರೆ, ಅಷ್ಟು ಶಕ್ತಿಯಲ್ಲಿ 300 ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರಬಹುದು. ಕರೆಂಟಿನ ಲೆಕ್ಕದಲ್ಲಿ 26 ಯೂನಿಟ್.

ಇನ್ನು ಓಡುವ ಲಾರಿಯ ಚಲನಶಕ್ತಿ. ತೂಕದ ಅರ್ಧವನ್ನು ವೇಗದ ವರ್ಗದಿಂದ ಗುಣಿಸಬೇಕು. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11 ಮೀಟರ್. ಬರುವುದು ಬರೀ 1 ಮೆಗಾಜೂಲ್.

ನನಗೆ ಇಲ್ಲೇ ಮೊದಲ ಸಲ ಬೆವರು ಬಂದದ್ದು. ಬ್ರೇಕ್ ಅಂದರೆ ಓಡುವ ಗಾಡಿಯನ್ನು ನಿಲ್ಲಿಸುವುದು ಅಂತ ನಾವು ಅಂದುಕೊಂಡಿರುತ್ತೇವೆ. ಸಮರಸ್ತೆಯಲ್ಲಿ ಈ ಲಾರಿಯನ್ನು 40ರಿಂದ ಸೊನ್ನೆಗೆ ತರಲು 1 ಮೆಗಾಜೂಲ್ ನುಂಗಿದರೆ ಸಾಕು. ಅದೇ ಲಾರಿ ಈ ಘಟ್ಟ ಇಳಿದರೆ 94 ನುಂಗಬೇಕು, ಅದೂ ಗಾಡಿಯನ್ನು ಒಮ್ಮೆಯೂ ನಿಲ್ಲಿಸದೆ! ಮೀಟರಿನ ಮುಳ್ಳು ಉದ್ದಕ್ಕೂ 40ರಲ್ಲೇ ನಿಂತಿರುತ್ತದೆ. ಡ್ರೈವರಿಗೆ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಆದರೆ ಸೆಕೆಂಡಿಗೆ ಒಂದು ಲಕ್ಷ ಜೂಲಿನಷ್ಟು, ಅಂದರೆ 104 ಕಿಲೋವ್ಯಾಟಿನ ದರದಲ್ಲಿ, ಎತ್ತರದ ಶಕ್ತಿ ಬಿಡುಗಡೆಯಾಗುತ್ತಲೇ ಇದೆ. ಯಾರೂ ಅದನ್ನು ನುಂಗದಿದ್ದರೆ ಅದು ವೇಗವಾಗುತ್ತದೆ. ಏನೂ ಅಡ್ಡಿಯಿಲ್ಲದೆ 600 ಮೀಟರ್ ಜಾರಿದರೆ ಕೆಳಗೆ ಬರುವಾಗ ವೇಗ ಗಂಟೆಗೆ 390 ಕಿಲೋಮೀಟರ್.

ಮುಳ್ಳು ಅಲುಗದೆ ನಿಂತಿದೆ ಅಂದರೆ ಅಷ್ಟೂ ಶಕ್ತಿ ಬೇರೆ ಎಲ್ಲಿಗೋ ಹೋಗುತ್ತಿದೆ ಅಂತಲೇ ಅರ್ಥ.

94 ಎಲ್ಲಿಗೆ ಹೋಯಿತು

ಟೈರು ಉರುಳುವಾಗ ಚಪ್ಪಟೆಯಾಗಿ ಮತ್ತೆ ದುಂಡಗಾಗುತ್ತದೆ. ಪ್ರತಿ ಸಲವೂ ರಬ್ಬರ್ ಸ್ವಲ್ಪ ಬಿಸಿಯಾಗುತ್ತದೆ. ಈ ಬಾಬತ್ತಿಗೆ 10 ಕಿಲೋಮೀಟರಿನಲ್ಲಿ ಸುಮಾರು 11 ಮೆಗಾಜೂಲ್. ಗಾಳಿಯನ್ನು ಸೀಳಿಕೊಂಡು ಹೋಗಲು ಸುಮಾರು 4. ಎರಡೂ ಸೇರಿ 15. ಇದು ತಾನಾಗಿ ಹೋಗುವ ಪಾಲು, ಡ್ರೈವರ್ ಏನೂ ಮಾಡಬೇಕಿಲ್ಲ.

ಉಳಿದ 79ಕ್ಕೆ ಎರಡೇ ವಿಳಾಸ. ಒಂದು ಎಂಜಿನ್, ಇನ್ನೊಂದು ಬ್ರೇಕ್. ಯಾವುದಕ್ಕೆ ಎಷ್ಟು ಅಂತ ತೀರ್ಮಾನ ಮಾಡುವುದು ಗೇರು.

ಐದನೇ ಗೇರಿನಲ್ಲಿ ಎಂಜಿನ್ ನಿಧಾನವಾಗಿ ತಿರುಗುತ್ತಿರುತ್ತದೆ. ಎಂಜಿನ್ನಿನ ಹಿಡಿತ ಹೆಚ್ಚಿಸುವ ಎಕ್ಸಾಸ್ಟ್ ಬ್ರೇಕಿನ ಸ್ವಿಚ್ ಇತ್ತು, ಆದರೆ ಶಬ್ದ ಜಾಸ್ತಿ ಅಂತ ಹುಡುಗ ಮುಟ್ಟಿರಲಿಲ್ಲ. ಅಂಥ ಎಂಜಿನ್ 15 ಕಿಲೋವ್ಯಾಟ್ ನುಂಗಿದರೆ ಹೆಚ್ಚು. ಇದು ನನ್ನ ಅಂದಾಜು, ಎಂಜಿನ್ನಿಂದ ಎಂಜಿನ್ನಿಗೆ ಬದಲಾಗುತ್ತದೆ. 15 ನಿಮಿಷಕ್ಕೆ 14 ಮೆಗಾಜೂಲ್ ಅಂತ ಇಟ್ಟುಕೊಳ್ಳೋಣ. ಬ್ರೇಕಿನ ಪಾಲಿಗೆ 65 ಉಳಿಯಿತು.

ನಾಲ್ಕು ಡ್ರಮ್ಮಿಗೆ ಹಂಚಿದರೆ ಒಂದೊಂದಕ್ಕೂ 18 ಕಿಲೋವ್ಯಾಟ್. ಒಂದು ಇಸ್ತ್ರಿ ಪೆಟ್ಟಿಗೆ ಸುಮಾರು 1 ಕಿಲೋವ್ಯಾಟ್. ಹದಿನೆಂಟು ಇಸ್ತ್ರಿ ಪೆಟ್ಟಿಗೆಗಳನ್ನು ಒಂದೇ ಡ್ರಮ್ಮಿಗೆ ಒತ್ತಿ ಹಿಡಿದು ಕಾಲು ಗಂಟೆ ಆನ್ ಮಾಡಿ ಬಿಟ್ಟ ಹಾಗೆ.

ಡ್ರಮ್ ಅಂದರೆ ಬೀಡು ಕಬ್ಬಿಣದ ದಪ್ಪ ಬೋಗುಣಿ. ಒಂದು 40 ಕಿಲೋ ಅಂದರೂ ನಾಲ್ಕು ಸೇರಿ 160 ಕಿಲೋ. ಒಂದು ಕಿಲೋ ಬೀಡು ಕಬ್ಬಿಣ ಒಂದು ಡಿಗ್ರಿ ಬಿಸಿಯಾಗಲು 460 ಜೂಲ್ ಸಾಕು, ನೀರಿಗೆ ಬೇಕಾದದ್ದರ ಒಂಬತ್ತನೇ ಒಂದು ಪಾಲು. 65 ಮೆಗಾಜೂಲೂ ಒಳಗೇ ಉಳಿದಿದ್ದರೆ ಡ್ರಮ್ಮುಗಳು 880 ಡಿಗ್ರಿ ಏರಿ ಕೆಂಡದ ಹಾಗೆ ಹೊಳೆಯಬೇಕಿತ್ತು. ಹಾಗಾಗಲಿಲ್ಲ, ಯಾಕೆಂದರೆ ಬಿಸಿಯಾದಷ್ಟೂ ಅವು ಗಾಳಿಗೆ ಶಾಖ ಕೊಡುತ್ತಲೇ ಇದ್ದವು. ಹೊಗೆ, ವಾಸನೆ, ಹನಿಯ ಆಟ ಎಲ್ಲ ನೋಡಿದರೆ ಕೊನೆಗೆ 350 ಡಿಗ್ರಿಯ ಆಸುಪಾಸಿನಲ್ಲಿದ್ದವು ಅಂತ ನನ್ನ ಊಹೆ. ಅಂದರೆ ನಿಂತ ಕ್ಷಣದಲ್ಲಿ ಡ್ರಮ್ಮುಗಳ ಒಳಗೆ ಇನ್ನೂ ಸುಮಾರು 24 ಮೆಗಾಜೂಲ್ ಇತ್ತು. ಉಳಿದ 41 ದಾರಿಯುದ್ದಕ್ಕೂ ಗಾಳಿಗೆ ಹೋಗಿತ್ತು.

ಬೀಳುವ ಭಾರ ಶಾಖವಾಗುತ್ತದೆ ಅನ್ನುವುದು ಹೊಸ ವಿಷಯವಲ್ಲ. 1840ರ ದಶಕದಲ್ಲಿ ಇಂಗ್ಲೆಂಡಿನ ಜೇಮ್ಸ್ ಜೂಲ್ ಇದನ್ನೇ ಅಳೆದದ್ದು. ದಾರಕ್ಕೆ ಕಟ್ಟಿದ ಭಾರ ಕೆಳಗಿಳಿಯುತ್ತದೆ, ದಾರ ಒಂದು ಹುಟ್ಟಿನ ಚಕ್ರವನ್ನು ತಿರುಗಿಸುತ್ತದೆ, ಚಕ್ರ ನೀರನ್ನು ಕಲಕುತ್ತದೆ, ನೀರು ಬಿಸಿಯಾಗುತ್ತದೆ. ಇಪ್ಪತ್ತು ಸಲ ಭಾರ ಎತ್ತಿ ಇಳಿಸಿದರೂ ನೀರಿನ ಬಿಸಿ ಒಂದು ಡಿಗ್ರಿಯೂ ಏರುತ್ತಿರಲಿಲ್ಲ. ಅಷ್ಟು ಸಣ್ಣ ಏರಿಕೆಯನ್ನು ಅಳೆಯಲು ಅವನಿಗೆ ಬಹಳ ಸೂಕ್ಷ್ಮ ಥರ್ಮಾಮೀಟರ್ ಬೇಕಾಯಿತು. ನಮ್ಮ ಹುಡುಗನದು ಅದೇ ಪ್ರಯೋಗ. ಭಾರ 16 ಟನ್, ಇಳಿತ 600 ಮೀಟರ್, ನೀರಿನ ಬದಲು ಕಬ್ಬಿಣ. ಥರ್ಮಾಮೀಟರ್ ಬೇಕಾಗಲಿಲ್ಲ, ಮೂಗು ಸಾಕಾಯಿತು.

ಡ್ರಮ್ಮಿನ ಒಳಗೆ

ಬ್ರೇಕ್ ಬಿಸಿಯಾದರೆ ಆಗಲಿ, ಹಿಡಿಯುವುದು ಯಾಕೆ ಬಿಡಬೇಕು? ಇದಕ್ಕೆ ಎರಡು ಕಾರಣ. ಎರಡೂ ಒಟ್ಟಿಗೆ ಕೈ ಕೊಡುತ್ತವೆ.

ಒಂದು, ಲೈನರ್. ಡ್ರಮ್ಮಿನ ಒಳಗೆ ಎರಡು ಶೂ, ಅಂದರೆ ಪೆಡಲ್ ಒತ್ತಿದಾಗ ಹೊರಕ್ಕೆ ಸರಿದು ಡ್ರಮ್ಮಿಗೆ ಒತ್ತುವ ಬಾಗಿದ ತುಂಡುಗಳು. ಅವುಗಳ ಮೇಲೆ ಲೈನರ್. ನಾರು, ಲೋಹದ ಪುಡಿ ಎಲ್ಲ ಸೇರಿಸಿ ರಾಳದಿಂದ ಅಂಟಿಸಿ ಮಾಡಿದ ಬಿಲ್ಲೆ ಅದು. ಬಿಸಿ ಮಿತಿ ಮೀರಿದಾಗ ಆ ರಾಳ ಕರಕಾಗಿ ಅನಿಲ ಬಿಡುತ್ತದೆ. ನಮ್ಮ ಮೂಗಿಗೆ ಬಡಿದದ್ದು ಅದೇ. ಲೈನರಿಗೂ ಡ್ರಮ್ಮಿಗೂ ನಡುವೆ ಆ ಅನಿಲ ಸೇರಿಕೊಂಡು ಘರ್ಷಣೆ ಬೀಳುತ್ತದೆ.

ಎರಡು, ಡ್ರಮ್ ಹಿಗ್ಗುತ್ತದೆ. 400 ಮಿಲಿಮೀಟರ್ ಅಗಲದ ಡ್ರಮ್ 300 ಡಿಗ್ರಿ ಏರಿದರೆ ಸುಮಾರು 1.3 ಮಿಲಿಮೀಟರ್ ಅಗಲವಾಗುತ್ತದೆ. ಕೇಳಲು ಏನೂ ಅಲ್ಲ. ಆದರೆ ಅದು ಶೂಗಳಿಂದ ದೂರಕ್ಕೆ ಹಿಗ್ಗುತ್ತದೆ. ಶೂ ಅದನ್ನು ಅಟ್ಟಿಸಿಕೊಂಡು ಹೋಗಬೇಕು. ಶೂ ತಳ್ಳುವ ರಾಡಿಗೆ ಇರುವ ದೂರ ಸೀಮಿತ, ಅದರ ಒಂದು ಪಾಲು ಬರೀ ಅಟ್ಟಿಸಿಕೊಂಡು ಹೋಗುವುದರಲ್ಲೇ ಮುಗಿಯುತ್ತದೆ. ಬ್ರೇಕ್ ಮೊದಲೇ ಸಡಿಲವಿದ್ದ ಗಾಡಿಯಾದರೆ ಕಥೆ ಅಲ್ಲಿಗೇ ಮುಗಿಯಿತು. ಡಿಸ್ಕ್ ಬ್ರೇಕಿನಲ್ಲಿ ಈ ತೊಂದರೆ ಇಲ್ಲ, ಬಿಸಿಯಾದ ಡಿಸ್ಕ್ ದಪ್ಪವಾಗಿ ಪ್ಯಾಡಿನ ಕಡೆಗೇ ಬರುತ್ತದೆ.

ಲಾರಿಯ ಹಾಗೆ ಗಾಳಿಯ ಒತ್ತಡದ ಬ್ರೇಕ್ ಇಲ್ಲದೆ ಆಯಿಲಿನ ಬ್ರೇಕ್ ಇರುವ ಸಣ್ಣ ಗಾಡಿಗಳಿಗೆ ಮೂರನೆಯದೊಂದಿದೆ. ಬ್ರೇಕ್ ಆಯಿಲ್ ಕುದಿಯುವುದು. ಡಾಟ್ 3 ದರ್ಜೆಯ ಹೊಸ ಆಯಿಲ್ ಕುದಿಯುವುದು ಕನಿಷ್ಠ 205 ಡಿಗ್ರಿಯಲ್ಲಿ. ಗಾಳಿಯ ತೇವ ಹೀರಿ ಹಳೆಯದಾದರೆ ಅದು 140ಕ್ಕೆ ಇಳಿಯಬಹುದು. ಪೈಪಿನೊಳಗೆ ಆವಿಯ ಗುಳ್ಳೆ ಬಂದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತದೆ.

ಇದರಲ್ಲಿ ಒಂದು ಕೆಟ್ಟ ಸುಳಿ ಇದೆ. ಹಿಡಿತ ಕಡಿಮೆಯಾದಂತೆ ಗಾಡಿ ವೇಗ ಪಡೆಯುತ್ತದೆ. ವೇಗ ಜಾಸ್ತಿಯಾದಂತೆ ಸೆಕೆಂಡಿಗೆ ಬಿಡುಗಡೆಯಾಗುವ ಶಕ್ತಿಯೂ ಜಾಸ್ತಿ. ಡ್ರಮ್ ಇನ್ನಷ್ಟು ಕಾಯುತ್ತದೆ. ಹುಡುಗನ ಕೊನೆಯ ಎರಡು ತಿರುವು ಇದೇ ಸುಳಿಯ ಬಾಯಲ್ಲಿದ್ದವು.

ನಿಂತ ಮೇಲೂ ಕೆಲಸ ಮುಗಿದಿರಲಿಲ್ಲ. ನಾವು ಹೋಗಿ ಐದು ನಿಮಿಷದಲ್ಲಿ ಹೊಗೆ ಕಡಿಮೆಯಾಗುವ ಬದಲು ಹೆಚ್ಚಾಯಿತು. ಕ್ಲೀನರ್ ಹುಡುಗನಿಗೆ ಇದು ಅರ್ಥವಾಗಲಿಲ್ಲ, ಗಾಡಿ ನಿಂತಿದೆಯಲ್ಲ! ಆದರೆ ನಿಂತಾಗ ಗಾಳಿಯೂ ನಿಂತಿತು. 24 ಮೆಗಾಜೂಲ್ ಒಳಗೇ ಇದೆ, ಹೋಗುವ ದಾರಿ ಮುಚ್ಚಿದೆ. ಅದು ಮೆಲ್ಲಗೆ ರಿಮ್ಮಿಗೆ, ರಿಮ್ಮಿನಿಂದ ಟೈರಿನ ಅಂಚಿಗೆ ಹರಿಯುತ್ತದೆ. ಇಳಿದು ನಿಲ್ಲಿಸಿದ ಮೇಲೆ ಟೈರಿಗೆ ಬೆಂಕಿ ಹತ್ತುವುದು ಹೀಗೆ. ಅದಕ್ಕೇ ನಮ್ಮ ಡ್ರೈವರ್ ಬೆಂಕಿ ಆರಿಸುವ ಸಿಲಿಂಡರ್ ತಂದು ಪಕ್ಕದಲ್ಲಿಟ್ಟರು. ಹ್ಯಾಂಡ್ ಬ್ರೇಕ್ ಬಿಡಿಸಿ, ಚಕ್ರಕ್ಕೆ ಕಲ್ಲು ಕೊಡಿಸಿದರು. ಕಾದ ಡ್ರಮ್ ತಣ್ಣಗಾಗುವಾಗ ಕುಗ್ಗುತ್ತದೆ, ಆಗ ಶೂ ಬಿಗಿದು ಕೂತಿದ್ದರೆ ಅಲ್ಲೇ ಕಚ್ಚಿಕೊಳ್ಳಬಹುದು.

ಮತ್ತೆ ಆ ನೀರಿನ ವಿಚಾರ. ಕ್ಲೀನರ್ ಹುಡುಗನ ಲೆಕ್ಕ ಪೂರ್ತಿ ತಪ್ಪೇನಲ್ಲ. ಒಂದು ಲೀಟರ್ ನೀರು ಬಿಸಿಯಾಗಿ ಪೂರ್ತಿ ಆವಿಯಾಗಲು ಸುಮಾರು 2.6 ಮೆಗಾಜೂಲ್ ಎಳೆದುಕೊಳ್ಳುತ್ತದೆ. ಒಂಬತ್ತು ಲೀಟರ್ ಆವಿಯಾದರೆ ನಾಲ್ಕು ಡ್ರಮ್ಮಿನ ಶಾಖವೂ ಖಾಲಿ. ಆದರೆ ನೀರು ಬಿದ್ದ ಕಡೆ ಕಬ್ಬಿಣ ತಟ್ಟನೆ ಕುಗ್ಗುತ್ತದೆ, ಪಕ್ಕದ ಕಬ್ಬಿಣ ಹಿಗ್ಗಿಯೇ ಇರುತ್ತದೆ. ಬೀಡು ಕಬ್ಬಿಣ ಬಾಗುವ ಜಾತಿಯದಲ್ಲ, ಬಿರಿಯುತ್ತದೆ.

ರೂಲು ಎಲ್ಲಿ ಕೈ ಕೊಟ್ಟಿತು

ಈಗ ಹುಡುಗನ ಪ್ರಶ್ನೆಗೆ ಬರೋಣ.

ಹತ್ತುವಾಗ ಏನಾಯಿತು ನೋಡಿ. 94 ಮೆಗಾಜೂಲ್ ಎತ್ತರಕ್ಕೆ, 15 ಟೈರು ಮತ್ತು ಗಾಳಿಗೆ, ಒಟ್ಟು 109. ಕಾಲು ಗಂಟೆಯಲ್ಲಿ ಇದನ್ನು ಕೊಡಲು ಎಂಜಿನ್ 120 ಕಿಲೋವ್ಯಾಟಿಗಿಂತ ಜಾಸ್ತಿ ಎಳೆಯಬೇಕು. ಹೊಸ ಲಾರಿಯ ಎಂಜಿನ್, ಐದನೇ ಗೇರಿನಲ್ಲೇ ಎಳೆಯಿತು. ಒಂದು ಲೀಟರ್ ಡೀಸೆಲಿನಲ್ಲಿ ಸುಮಾರು 36 ಮೆಗಾಜೂಲ್ ರಾಸಾಯನಿಕ ಶಕ್ತಿ. ಒಳ್ಳೆಯ ಎಂಜಿನ್ ಅದರಲ್ಲಿ ನೂರಕ್ಕೆ 40ರಷ್ಟನ್ನು ಚಕ್ರಕ್ಕೆ ತಲುಪಿಸಿತು ಅಂದರೂ ಏಳೂವರೆ ಲೀಟರ್ ಸುಟ್ಟಿರಬೇಕು.

ಇಳಿಯುವಾಗ ಅದೇ ಎಂಜಿನ್, ಅದೇ ಗೇರು, ಅದೇ ವೇಗ. ಆದರೆ ನುಂಗಿದ್ದು 15 ಕಿಲೋವ್ಯಾಟ್. ಎಳೆದದ್ದು 120, ಹಿಡಿದದ್ದು 15!

ರೂಲು ಹುಟ್ಟಿದ ಕಾಲದಲ್ಲಿ ಎಂಜಿನ್ನುಗಳು ದುರ್ಬಲ. ತುಂಬಿದ ಲಾರಿ ಘಟ್ಟ ಹತ್ತಬೇಕಾದರೆ ಎರಡನೇ, ಮೂರನೇ ಗೇರಿಗೆ ಬಂದು ತೆವಳಬೇಕಿತ್ತು. ಅದೇ ಗೇರಿನಲ್ಲಿ ಇಳಿದರೆ ತಾನಾಗಿಯೇ ನಿಧಾನ, ತಾನಾಗಿಯೇ ಎಂಜಿನ್ನಿನ ಹಿಡಿತ. ರೂಲು ಸರಿಯಾಗಿತ್ತು, ಆದರೆ ಅದರ ಕಾರಣ ಎಂಜಿನ್ನಿನ ದೌರ್ಬಲ್ಯ. ಈಗ ಎಳೆಯುವ ಬಲ ಎಷ್ಟೋ ಪಟ್ಟು ಏರಿದೆ. ಒಳಗಿನ ಘರ್ಷಣೆ ಕಡಿಮೆಯಾಗಿದೆ, ಅಂದರೆ ಸುಮ್ನೆ ಹಿಡಿಯುವ ಶಕ್ತಿ ಇಳಿದಿದೆ. ಹೊಸ ಗಾಡಿಗೆ ಹಳೆಯ ರೂಲು ಹಾಕಿದರೆ ಲೆಕ್ಕ ಕೂಡುವುದಿಲ್ಲ. ಹತ್ತಿದ್ದಕ್ಕಿಂತ ಕೆಳಗಿನ ಗೇರಿನಲ್ಲಿ ಇಳಿಯಬೇಕು. ಹುಡುಗನಿಗೆ ಇದನ್ನು ಯಾರೂ ಹೇಳಿರಲಿಲ್ಲ. ತಪ್ಪು ಅವನದು ಅಂತ ನನಗಂತೂ ಅನ್ನಿಸಲಿಲ್ಲ.

ಆದರೆ ಇದರ ಅಡಿಯಲ್ಲಿ ಇನ್ನೊಂದು ವಿಷಯ ಇದೆ. ಡೀಸೆಲ್ ಎಂಜಿನ್ ಒಮ್ಮುಖ ರಸ್ತೆ. ರಾಸಾಯನಿಕ ಶಕ್ತಿ ಶಾಖವಾಗಿ, ಶಾಖ ತಿರುಗುವಿಕೆಯಾಗಿ, ತಿರುಗುವಿಕೆ ಎತ್ತರವಾಗುತ್ತದೆ. ಎತ್ತರವನ್ನು ತಿರುಗುವಿಕೆಯಾಗಿ ವಾಪಸ್ ಕೊಟ್ಟರೆ ಎಂಜಿನ್ ಅದನ್ನು ಡೀಸೆಲ್ ಮಾಡಿ ಟ್ಯಾಂಕಿಗೆ ತುಂಬುವುದಿಲ್ಲ. ಸಿಲಿಂಡರಿನಲ್ಲಿ ಗಾಳಿಯನ್ನು ಅದುಮುತ್ತದೆ, ಅಷ್ಟೇ.

ಅದುಮುವುದಕ್ಕೆ ಶಕ್ತಿ ಬೇಕಲ್ವಾ, ಅಲ್ಲೇ ಖರ್ಚಾಗುವುದಿಲ್ಲವೇ ಅಂತ ಕೇಳಬಹುದು. ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಅದುಮಿದ ಗಾಳಿ ಸ್ಪ್ರಿಂಗಿನ ಹಾಗೆ. ಪಿಸ್ಟನ್ ಮೇಲೆ ಹೋಗುವಾಗ ತೆಗೆದುಕೊಂಡದ್ದರಲ್ಲಿ ಬಹುಪಾಲನ್ನು ಕೆಳಗೆ ಬರುವಾಗ ವಾಪಸ್ ಕೊಡುತ್ತದೆ. ಶಕ್ತಿ ಹೋಗುವುದು ಘರ್ಷಣೆಯಲ್ಲಿ, ಗಾಳಿ ಎಳೆದು ದೂಡುವುದರಲ್ಲಿ ಮಾತ್ರ.

ಈ ಸ್ಪ್ರಿಂಗನ್ನು ಮುರಿಯಬಹುದು. ಕ್ಲೆಸ್ಸಿ ಕಮಿನ್ಸ್ ಅನ್ನುವ ಎಂಜಿನ್ ತಜ್ಞ 1931ರಲ್ಲಿ ಅಮೆರಿಕದ ಕಹೋನ್ ಪಾಸ್ ಅನ್ನುವ ಇಳಿಜಾರಿನಲ್ಲಿ ತನ್ನ ಡೀಸೆಲ್ ಟ್ರಕ್ಕಿನ ಬ್ರೇಕ್ ಸೋತು ಸ್ವಲ್ಪದರಲ್ಲಿ ಬಚಾವಾದ. ಆ ಭಯ ಅವನ ತಲೆಯಲ್ಲಿ ಉಳಿಯಿತು. ಪಿಸ್ಟನ್ ಗಾಳಿಯನ್ನು ಪೂರ್ತಿ ಅದುಮಿದ ಹೊತ್ತಿಗೆ ಎಕ್ಸಾಸ್ಟ್ ವಾಲ್ವ್ ತೆರೆದುಬಿಟ್ಟರೆ? ಅದುಮಿದ ಗಾಳಿ ಹೊರಗೆ ಹಾರಿಹೋಗುತ್ತದೆ. ತೆಗೆದುಕೊಂಡದ್ದನ್ನು ವಾಪಸ್ ಕೊಡಲು ಅಲ್ಲಿ ಏನೂ ಉಳಿದಿರುವುದಿಲ್ಲ. ಈ ಉಪಾಯವನ್ನು 1961ರಲ್ಲಿ ಜೇಕಬ್ಸ್ ಕಂಪನಿ ಮಾರುಕಟ್ಟೆಗೆ ತಂದಿತು. ಜೇಕ್ ಬ್ರೇಕ್ ಅನ್ನುವುದು ಅದನ್ನೇ. ಇಳಿಯುವಾಗ ಪಟಪಟ ಅಂತ ಗುಂಡು ಹಾರಿದ ಶಬ್ದ ಬರುವುದು ಹಾಗೆ ಹಾರಿಹೋಗುವ ಗಾಳಿಯದು. ನಮ್ಮ ಲಾರಿಗಳಲ್ಲಿದ್ದದ್ದು ಅದರ ಸರಳ ತಮ್ಮ, ಎಕ್ಸಾಸ್ಟ್ ಬ್ರೇಕ್. ಹೊಗೆ ಪೈಪಿನಲ್ಲಿ ಒಂದು ಬಾಗಿಲು ಮುಚ್ಚಿಕೊಳ್ಳುತ್ತದೆ, ಪಿಸ್ಟನ್ ಆ ಒತ್ತಡದ ವಿರುದ್ಧ ತಿಣುಕಬೇಕು.

ಎಂಜಿನ್ ವೇಗವಾಗಿ ತಿರುಗಿದಷ್ಟೂ ಇವೆಲ್ಲ ಚೆನ್ನಾಗಿ ನುಂಗುತ್ತವೆ. ಕೆಳಗಿನ ಗೇರು ಬೇಕಾದದ್ದು ಇದಕ್ಕೇ. ನಮ್ಮ ಲಾರಿಯೂ 16 ಟನ್ನಿನದೇ. ಮೂರನೇ ಗೇರು, ಗಂಟೆಗೆ 25 ಕಿಲೋಮೀಟರ್, ಎಕ್ಸಾಸ್ಟ್ ಬ್ರೇಕ್ ಆನ್. 24 ನಿಮಿಷ ತೆಗೆದುಕೊಂಡಿತ್ತು. ಅದರ ಲೆಕ್ಕ ಹೀಗೆ ಬರುತ್ತದೆ: ಟೈರಿಗೆ 11, ಗಾಳಿಗೆ ಸುಮಾರು 2, ಎಂಜಿನ್ 45 ಕಿಲೋವ್ಯಾಟ್ ನುಂಗಿತು ಅಂದರೆ 65, ಬ್ರೇಕಿಗೆ 16. ಒಟ್ಟು ಅದೇ 94. ಒಂದೊಂದು ಡ್ರಮ್ಮಿಗೆ 3 ಕಿಲೋವ್ಯಾಟಿಗಿಂತ ಕಡಿಮೆ. ಹುಡುಗನ ಡ್ರಮ್ಮಿಗೆ 18.

ನಿಧಾನಕ್ಕೆ ಬಂದರೆ ಶಕ್ತಿಯೇನೂ ಕಡಿಮೆಯಾಗಲಿಲ್ಲ ಅನ್ನುವುದನ್ನು ಗಮನಿಸಿ. ಗಾಳಿ ನುಂಗುವ ಪಾಲು ಇನ್ನೂ ಇಳಿಯಿತು. ಗಾಡಿಯ ಪಾಲಿಗೆ ಬಂದ ಹೊರೆ ಎರಡು ಮೆಗಾಜೂಲ್ ಜಾಸ್ತಿಯೇ ಆಯಿತು. ಆದರೆ ಅದನ್ನು ಕೊಡಲು ಒಂಬತ್ತು ನಿಮಿಷ ಜಾಸ್ತಿ ಸಿಕ್ಕಿತು.

ಕೆಲವರು ಡೀಸೆಲ್ ಉಳಿಯುತ್ತದೆ ಅಂತ ನ್ಯೂಟ್ರಲ್ಲಿಗೆ ಹಾಕಿ ಇಳಿಯುತ್ತಾರೆ. ಅಂಥವರ ಪಕ್ಕ ನಾನಂತೂ ಕೂರುವುದಿಲ್ಲ. ಈಗಿನ ಎಂಜಿನ್ನುಗಳು ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಡೀಸೆಲ್ ಪೂರ್ತಿ ನಿಲ್ಲಿಸುತ್ತವೆ, ಚಕ್ರವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಎಂಜಿನ್ ತಾನೇ ಓಡಬೇಕು, ಅದಕ್ಕೆ ಡೀಸೆಲ್ ಬೇಕು. ಹಿಡಿತವೂ ಹೋಯಿತು, ಡೀಸೆಲೂ ಹೋಯಿತು.

ವಾಪಸ್ ದಾರಿ ಇರುವ ಯಂತ್ರ

ವಿದ್ಯುತ್ ಮೋಟಾರ್ ಹೀಗಲ್ಲ. ಕರೆಂಟ್ ಕೊಟ್ಟರೆ ತಿರುಗುತ್ತದೆ, ತಿರುಗಿಸಿದರೆ ಕರೆಂಟ್ ಕೊಡುತ್ತದೆ. ಎರಡು ಕಡೆಗೂ ಒಂದೇ ಯಂತ್ರ, ಹೆಚ್ಚುಕಮ್ಮಿ ಒಂದೇ ತಾಕತ್ತು. ಎಳೆಯುವಾಗ 120 ಕೊಡುವ ಮೋಟಾರ್ ಹಿಡಿಯುವಾಗಲೂ ಅದರ ಹತ್ತಿರ ಹತ್ತಿರ ನುಂಗಬಲ್ಲದು. ಹತ್ತಿದ ಹಾಗೇ ಇಳಿ ಅನ್ನುವ ಹಳೆಯ ರೂಲು ನಿಜವಾಗಿ ಹೊಂದುವುದು ಬ್ಯಾಟರಿ ಗಾಡಿಗೆ!

ಸ್ವಿಟ್ಜರ್ಲೆಂಡಿನ ಬೀಲ್ ಹತ್ತಿರದ ಒಂದು ಕಲ್ಲು ಗಣಿಯಲ್ಲಿ ಇದನ್ನು ತುದಿಗೆ ಕೊಂಡುಹೋಗಿದ್ದಾರೆ. ಅಲ್ಲಿ ಕಲ್ಲು ಇರುವುದು ಮೇಲೆ, ಕಾರ್ಖಾನೆಗೆ ಸಾಗಿಸುವ ಜಾಗ ಕೆಳಗೆ. ದೊಡ್ಡ ಡಂಪರ್ ಒಂದನ್ನು ಬ್ಯಾಟರಿಗೆ ಬದಲಾಯಿಸಿದ್ದಾರೆ. ಖಾಲಿ ತೂಕ 45 ಟನ್, ಹೊರುವ ಕಲ್ಲು 65 ಟನ್. ಹತ್ತುವಾಗ 45, ಇಳಿಯುವಾಗ 110. ಇಳಿದಾಗ ಸಿಗುವ ಶಕ್ತಿಯಲ್ಲಿ ನೂರಕ್ಕೆ 41ರಷ್ಟನ್ನು ಉಳಿಸಿಕೊಂಡು ಮತ್ತೆ ಎತ್ತರಕ್ಕೆ ಹಾಕಲು ಸಾಧ್ಯವಾದರೆ ಸಾಕು, ಹತ್ತುವ ಖರ್ಚು ಹುಟ್ಟುತ್ತದೆ. ಟೈರಿನ ಪಾಲು ತೆಗೆದರೂ ಆ ಗಾಡಿಗೆ ಇದು ದಕ್ಕುತ್ತದೆ. ಪುಕ್ಕಟೆ ಶಕ್ತಿ ಏನಲ್ಲ ಅದು. ಬೆಟ್ಟ ಕರಗುತ್ತಾ ಬರುತ್ತದೆ, ಅಷ್ಟೇ. ಆ ಕಲ್ಲನ್ನು ಅಷ್ಟು ಎತ್ತರಕ್ಕೆ ಎತ್ತಿಟ್ಟ ಭೂಮಿಯ ಸಾಲವನ್ನು ಗಾಡಿ ಬಳಸಿಕೊಳ್ಳುತ್ತಿದೆ.

ಬ್ಯಾಟರಿಗೂ ಒಂದು ಮೂಲೆ ಇದೆ. ಬೆಟ್ಟದ ತುದಿಯಲ್ಲಿ ಪೂರ್ತಿ ಚಾರ್ಜ್ ಮಾಡಿಕೊಂಡು ಇಳಿಯಲು ಹೊರಟರೆ ಕರೆಂಟ್ ಹಾಕಲು ಜಾಗವೇ ಇರುವುದಿಲ್ಲ. ಮತ್ತೆ ಬ್ರೇಕ್, ಮತ್ತೆ ಶಾಖ. ರೈಲಿನ ಎಂಜಿನ್ನುಗಳ ಮೇಲೆ ಫ್ಯಾನ್ ಇರುವ ದೊಡ್ಡ ಜಾಲರಿ ನೋಡಿರುತ್ತೀರಿ. ಹಲವು ಎಂಜಿನ್ನುಗಳಲ್ಲಿ ಅದರ ಕೆಳಗಿರುವುದು ಕಾಯಿಲ್ ಹೀಟರ್ ಇದ್ದ ಹಾಗೆ. ಮೋಟಾರುಗಳು ಇಳಿಜಾರಿನಲ್ಲಿ ಕೊಡುವ ಕರೆಂಟನ್ನು ಅಲ್ಲಿ ಸುಟ್ಟು ಗಾಳಿಗೆ ಬಿಡುತ್ತಾರೆ. ವಾಪಸ್ ದಾರಿ ಇದ್ದರೂ ಆ ಕಡೆ ಇಟ್ಟುಕೊಳ್ಳಲು ಜಾಗ ಇರಬೇಕು.

ಮುಂದಿನ ಇಳಿಜಾರು

ಒಂದೂವರೆ ಗಂಟೆ ಕಾದೆವು. ನಡುವೆ ನಮ್ಮ ಡ್ರೈವರ್ ಎರಡು ಸಲ ಬೆರಳಿನಿಂದ ನೀರು ಚಿಮುಕಿಸಿ ನೋಡಿದರು. ಮೊದಲ ಸಲ ಚುರ್ ಅಂದಿತು. ಅಂದರೆ ಇಳಿಯುತ್ತಿದೆ, ಆದರೆ ಇನ್ನೂ ನೂರರ ಮೇಲಿದೆ. ಎರಡನೇ ಸಲ ನೀರು ಸುಮ್ನೆ ಒದ್ದೆಯಾಗಿ ಕೂತಿತು. ಲೈನರಿನ ಮೇಲ್ಮೈ ಹೊಳಪು ಕಟ್ಟಿರುತ್ತದೆ, ಊರು ತಲುಪಿದ ಮೇಲೆ ಬಿಚ್ಚಿಸಿ ನೋಡಿಸು, ಡ್ರಮ್ಮಿನಲ್ಲಿ ಕೂದಲೆಳೆ ಬಿರುಕು ಇದ್ದರೂ ಬದಲಾಯಿಸು ಅಂದರು. ಸಮನೆಲದಲ್ಲಿ ನಾಲ್ಕು ಸಲ ಓಡಿಸಿ ನಿಲ್ಲಿಸಿ ಬ್ರೇಕ್ ಹಿಡಿಯುತ್ತದೆ ಅಂತ ಖಾತ್ರಿ ಮಾಡಿಕೊಂಡರು.

ಮುಂದೆ ಇನ್ನೊಂದು ಸಣ್ಣ ಇಳಿಜಾರಿತ್ತು. ಎರಡು ಕಿಲೋಮೀಟರ್, 120 ಮೀಟರ್. ಮೊದಲಿನದರ ಐದನೇ ಒಂದು ಪಾಲು, 19 ಮೆಗಾಜೂಲ್.

"ಯಾವ ಗೇರು ತಮ್ಮಾ?" ಅಂತ ಕೇಳಿದರು.

"ಮೂರು. ಇಲ್ಲಿಂದಲೇ."

"ಎಕ್ಸಾಸ್ಟು?"

ಹುಡುಗ ಸ್ವಿಚ್ ಹಾಕಿದ. ನಾವು ಹಿಂದೆ ಹಿಂದೆಯೇ ಬಂದೆವು. ಮುಂದಿನ ಲಾರಿಯ ಎಂಜಿನ್ ಇಳಿಯುವಾಗ ಹತ್ತುವಾಗಿನ ಹಾಗೇ ಕೂಗುತ್ತಿತ್ತು. ಹಿಂದಿನ ಕೆಂಪು ದೀಪ ಎರಡು ಕಿಲೋಮೀಟರಿನಲ್ಲಿ ಮೂರೇ ಸಲ ಹತ್ತಿದ್ದು. ಕೆಳಗೆ ನಿಲ್ಲಿಸಿದಾಗ ಕ್ಲೀನರ್ ಹುಡುಗ ಮೊದಲು ಇಳಿದು ಚಕ್ರದ ಹತ್ತಿರ ಹೋದ. ಈ ಸಲ ನೀರಿನ ಕ್ಯಾನ್ ತರಲಿಲ್ಲ. ಅಂಗೈಯನ್ನು ರಿಮ್ಮಿನ ಹತ್ತಿರ ಹಿಡಿದ, ಸ್ವಲ್ಪ ಯೋಚಿಸಿ ಮುಟ್ಟಿದ, ಹತ್ತು ಸೆಕೆಂಡ್ ಕೈ ಅಲ್ಲೇ ಇಟ್ಟುಕೊಂಡು ನಮ್ಮ ಕಡೆ ತಿರುಗಿದ.

"ಬೆಚ್ಚಗಿದೆ ಅಷ್ಟೇ ಅಣ್ಣ," ಅಂದ.